ಹಸಿರು ದೀಪದ ಹನ್ನೊಂದು ವಾಕ್ಯ

ಡಾಕ್ಟರ ಬಾಗಿಲಿಗೆ ದೀಪ ಕಟ್ಟಬೇಕೆಂದು ಮೊದಲು ಹೇಳಿದವರು ಯಾರೋ, ಅವರ ಹೆಸರು ಯಾವ ಕಡತದಲ್ಲೂ ಇಲ್ಲ. ಆ ದೀಪ ಯಾವಾಗ ಹಸಿರಾಗಬೇಕು, ಯಾವಾಗ ಕೆಂಪಾಗಬೇಕು ಎಂದು ಬರೆದವಳ ಹೆಸರು ಮಾತ್ರ ಎಲ್ಲ ಕಡತದಲ್ಲೂ ಇದೆ: ದಾಕ್ಷಾಯಿಣಿ, ತಾಳೆ ಕೇಂದ್ರ, ಹಾಸನ. ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು. ಇರಲಿ ಬಿಡಿ, ಆಗಿನ ಕಾಲಕ್ಕೆ ಅದು ಹೆಮ್ಮೆ ಪಡುವಂಥ ಕೆಲಸವೇ.

ಯಾಕೆಂದರೆ ಆಗ ವೈದ್ಯರ ಪುಸ್ತಕ ಹೇಳುತ್ತಿದ್ದುದು ಒಂದು, ವೈದ್ಯರು ಮಾಡುತ್ತಿದ್ದುದು ಇನ್ನೊಂದು. ಗೌಟ್ ಎಂಬ ಕಾಯಿಲೆಯನ್ನೇ ತಗೊಳ್ಳಿ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಸಣ್ಣ ಸಣ್ಣ ಹರಳಾಗಿ ಕಾಲಿನ ಹೆಬ್ಬೆರಳ ಕೀಲಿನಲ್ಲಿ ಕೂರುತ್ತದೆ. ಒಂದು ಬೆಳಿಗ್ಗೆ ಎದ್ದರೆ ಬೆರಳು ಕೆಂಪಗೆ ಊದಿರುತ್ತದೆ, ಹೊದಿಕೆಯ ಅಂಚು ತಾಕಿದರೂ ಜೀವ ಹೋಗುತ್ತದೆ. ಇದಕ್ಕೆ ಮದ್ದು ಏನೆಂದು ಎಂದೋ ಗೊತ್ತಾಗಿದೆ. ಆಮ್ಲ ಇಳಿಸುವ ಮಾತ್ರೆಯನ್ನು ಸ್ವಲ್ಪದರಿಂದ ಶುರು ಮಾಡಬೇಕು, ತಿಂಗಳು ತಿಂಗಳು ರಕ್ತ ನೋಡಿ ಏರಿಸುತ್ತ ಹೋಗಬೇಕು, ಆಮ್ಲದ ಲೆಕ್ಕವನ್ನು ಆರಕ್ಕಿಂತ ಕೆಳಗೆ ತಂದು ಅಲ್ಲೇ ಹಿಡಿದಿಡಬೇಕು. ಹರಳು ಕರಗುವಾಗ ಮೊದಲ ಕೆಲವು ತಿಂಗಳು ನೋವು ಮತ್ತೆ ಮತ್ತೆ ಬರಬಹುದು, ಆದರೂ ಬಿಡಬಾರದು. ಅಷ್ಟೇ. ಆದರೆ ದಾಕ್ಷಾಯಿಣಿ ಜಿಲ್ಲೆಯ ಚೀಟಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಎಣಿಸಿದಾಗ ನೂರು ಗೌಟ್ ರೋಗಿಗಳಲ್ಲಿ ಹಾಗೆ ಮದ್ದು ಸಿಕ್ಕಿದ್ದು ಒಂಬತ್ತು ಜನಕ್ಕೆ. ಮಿಕ್ಕವರಿಗೆಲ್ಲ ಒಂದು ಸೂಜಿ, ನಾಲ್ಕು ನೋವಿನ ಮಾತ್ರೆ, ಬೇಳೆ ತಿನ್ನಬೇಡಿ ಅನ್ನುವ ಉಪದೇಶ.

ಅದಕ್ಕೇ ಪೆಟ್ಟಿಗೆ ಬಂತು. ಒಂದು ಅಚ್ಚು ಬೆಲ್ಲದಷ್ಟು ದೊಡ್ಡದು. ಡಾಕ್ಟರ ಮೇಜಿನ ಮೇಲೆ ಕೂತು ಅವರ ಮಾತು ಕೇಳುತ್ತದೆ, ಬರೆದ ಚೀಟಿ ಓದುತ್ತದೆ, ಎರಡನ್ನೂ ಪುಸ್ತಕದ ಜೊತೆ ತಾಳೆ ಹಾಕಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಎಂಬತ್ತು ದಾಟಿದರೆ ಬಾಗಿಲಲ್ಲಿ ಹಸಿರು ದೀಪ, ನಲವತ್ತರ ಕೆಳಗಾದರೆ ಕೆಂಪು, ನಡುವೆ ಹಳದಿ. ಮೊದಲ ವರ್ಷ ಪೆಟ್ಟಿಗೆಗೆ ಎಲ್ಲ ಮಾತನ್ನೂ ಅರ್ಥ ಮಾಡಿಕೊಳ್ಳುವ ಕೆಲಸ ಕೊಟ್ಟು ನೋಡಿದರು. ಕಾಲಿಗೆ ಬೆಂಕಿ ಬಿದ್ದಂಗೈತೇನಪ್ಪ ಎಂದು ಒಬ್ಬ ಡಾಕ್ಟರು ಕೇಳಿದರೆ ಅದು ಸುಟ್ಟಗಾಯ ಎಂದು ಬರೆದುಕೊಂಡಿತು. ಡಾಕ್ಟರುಗಳು ಕೋರ್ಟಿಗೆ ಹೋಗುತ್ತೇವೆ ಎಂದರು. ಆಗ ದಾಕ್ಷಾಯಿಣಿಯೇ ದಾರಿ ತೋರಿಸಿದಳು: ಒಂದೊಂದು ಕಾಯಿಲೆಗೂ ಇಂತಿಷ್ಟು ವಾಕ್ಯ ಬರೆದುಕೊಡೋಣ, ಡಾಕ್ಟರು ಅವನ್ನು ಹೇಳಿದರೆ ಅಂಕ, ಹೇಳದಿದ್ದರೆ ಇಲ್ಲ. ಗೌಟಿಗೆ ಅವಳು ಹನ್ನೊಂದು ವಾಕ್ಯ ಬರೆದಳು. ಹತ್ತು ಡಾಕ್ಟರು ಹೇಳಬೇಕಾದವು. ಹನ್ನೊಂದನೆಯದು ಪ್ರಶ್ನೆ, "ಇದೆಲ್ಲ ನಿಮಗೆ ಅರ್ಥವಾಯಿತೇ?" ರೋಗಿ "ಅರ್ಥವಾಯಿತು" ಎಂದ ಮೇಲೇ ಅಂಕ ಪೂರ್ತಿ. ಆ ಪ್ರಶ್ನೆ ಸೇರಿಸಿದ್ದಕ್ಕೆ ಸಭೆಯಲ್ಲಿ ಚಪ್ಪಾಳೆ ಬಿದ್ದಿತ್ತು.

ಅವಳ ಅಣ್ಣ ಮರುಳಸಿದ್ದಪ್ಪ ಅರಸೀಕೆರೆಯಲ್ಲಿ ಬಸ್ ಡ್ರೈವರು. ಬೆಳಿಗ್ಗೆ ಐದೂಮುಕ್ಕಾಲರ ಹಾಸನದ ಬಸ್ಸು ಹದಿನೆಂಟು ವರ್ಷದಿಂದ ಅವನದೇ. ಆ ಬಸ್ಸಿಗೆ ಹೊತ್ತಿಗೆ ಸರಿಯಾಗಿ ಹಾಲಿನವರು, ಕಾಲೇಜಿನವರು, ಕೋರ್ಟಿನವರು ಬಂದು ನಿಲ್ಲುತ್ತಿದ್ದರು. ಅವನಿಗೆ ಗೌಟ್ ಬಂದದ್ದು ಬಲಗಾಲಿನ ಹೆಬ್ಬೆರಳಿಗೆ, ಅಂದರೆ ಬ್ರೇಕ್ ತುಳಿಯುವ ಕಾಲಿಗೆ.

"ನಾವು ಮಾಂಸ ಮುಟ್ಟೋರಲ್ಲ, ಹೆಂಡ ಮೂಸೋರಲ್ಲ. ನಂಗ್ಯಾಕೆ ಬಂತು ದಾಕ್ಷಿ ಇದು?" ಎಂದು ಫೋನಿನಲ್ಲಿ ಕೇಳಿದ.

"ತಿಂದಿದ್ದಕ್ಕೇ ಬರಬೇಕು ಅಂತಿಲ್ಲ ಕಣಣ್ಣ. ಮೈಯೊಳಗೇ ಆಗುತ್ತೆ. ಡಾಕ್ಟ್ರ ಹತ್ರ ಹೋಗು."

ಅವನು ಹೋದದ್ದು ರೈಲ್ವೆ ಗೇಟಿನ ಹತ್ತಿರದ ಸಣ್ಣ ಕ್ಲಿನಿಕ್ಕಿಗೆ. ಅಲ್ಲಿದ್ದವಳು ಲವೀನಾ ಎಂಬ ಮಂಗಳೂರು ಕಡೆಯ ಡಾಕ್ಟರು, ಊರಿಗೆ ಬಂದು ಒಂದು ವರ್ಷ ಆಗಿತ್ತು. ಒಂದು ಸಣ್ಣ ಮಾತ್ರೆ ಕೊಟ್ಟಳು, ಜೊತೆಗೆ ಇನ್ನೊಂದು. ಮೂರನೇ ವಾರಕ್ಕೆ ಕಾಲು ಮತ್ತೆ ಊದಿಕೊಂಡಿತು, ಮೊದಲಿಗಿಂತ ಜೋರಾಗಿ. ಎರಡು ದಿನ ಬಸ್ಸು ಬಿಡಲಾಗಲಿಲ್ಲ. ಅತ್ತಿಗೆ ಹಾಲಮ್ಮ ಫೋನು ಹಚ್ಚಿ, "ಆ ಹುಡುಗಿ ಕೊಟ್ಟ ಮಾತ್ರೆಯಿಂದಲೇ ಹಿಂಗಾಗಿದ್ದು. ನೀನಾದ್ರೂ ಒಳ್ಳೆ ಡಾಕ್ಟ್ರನ್ನ ಹೇಳು, ನಿಂಗೆ ಗೊತ್ತಿರಲ್ವಾ," ಎಂದಳು.

ದಾಕ್ಷಾಯಿಣಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಕೇಂದ್ರದ ಪರದೆಯಲ್ಲಿ ಅರಸೀಕೆರೆ ತೆರೆದು ನೋಡಿದಳು. ಲವೀನಾ: ಮೂವತ್ತೊಂದು, ಕೆಂಪು. ಸಂತೆಬೀದಿಯ ಡಾಕ್ಟರ್ ಪಂಚಾಕ್ಷರಿ: ತೊಂಬತ್ತೇಳು, ಇಡೀ ಜಿಲ್ಲೆಗೇ ಎರಡನೆಯವರು. ಗೌಟ್ ಬಂದರೆ ಆಮ್ಲದ ಮಾತ್ರೆ ಬರೆದಿದ್ದಾರೆ, ರಕ್ತಪರೀಕ್ಷೆಗೆ ಬರೆದಿದ್ದಾರೆ, ಹನ್ನೊಂದು ವಾಕ್ಯವನ್ನೂ ಒಂದು ಅಕ್ಷರ ಬಿಡದೆ ಹೇಳಿದ್ದಾರೆ. ತಾನು ಬರೆದದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರು ಇದ್ದಾರಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

"ಅಣ್ಣ, ನಾಳೆನೇ ಪಂಚಾಕ್ಷರಿ ಡಾಕ್ಟ್ರ ಹತ್ರ ಹೋಗು. ಹಸಿರು ದೀಪ. ಇನ್ನು ಅವರನ್ನ ಬಿಡಬೇಡ."

ಅವನು ಬಿಡಲಿಲ್ಲ. ತಂಗಿಯ ಮಾತೆಂದರೆ ಮಾತು.

ಪಂಚಾಕ್ಷರಿ ಡಾಕ್ಟರ ಕೈಗುಣದ ಬಗ್ಗೆ ಅರಸೀಕೆರೆಯಲ್ಲಿ ಕೇಳಬೇಕಾದ್ದೇ ಇಲ್ಲ. ಅಣ್ಣನ ನೋವು ಅದೇ ಸಂಜೆ ಇಳಿಯಿತು. ಮಾರನೇ ದಿನ ಐದೂಮುಕ್ಕಾಲಕ್ಕೆ ಬಸ್ಸು ಹೊರಟಿತು. ಆಮೇಲಿನ ನಾಲ್ಕು ವರ್ಷದಲ್ಲಿ ಒಂದು ದಿನವೂ ಅವನು ಕಾಲುನೋವೆಂದು ರಜೆ ಹಾಕಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ದಾಕ್ಷಾಯಿಣಿ ಅವನನ್ನು ನೋಡಿ ಸಂತೋಷಪಡುತ್ತಿದ್ದಳು. ಮುಖ ದುಂಡಗೆ ತುಂಬಿಕೊಂಡಿತ್ತು, ಕೆನ್ನೆಗೆ ಕೆಂಪು ಬಂದಿತ್ತು. "ಡಾಕ್ಟ್ರು ನಿಮ್ಮಣ್ಣನ್ನ ಮದುಮಗ ಮಾಡಿಬಿಟ್ಟವ್ರೆ," ಎಂದು ಹಾಲಮ್ಮ ನಗಾಡುತ್ತಿದ್ದಳು.

ಒಂದೇ ಬೇಸರವೆಂದರೆ ಆ ಮನೆಯ ಸಾರು. ಬೇಳೆ ಇಲ್ಲ, ಟೊಮೇಟೊ ಇಲ್ಲ, ಸೊಪ್ಪಿಲ್ಲ. ಹುಣಸೆಹುಳಿಗೆ ಖಾರದಪುಡಿ ಹಾಕಿ ಕುದಿಸಿದ ಕೆಂಪು ನೀರು. ಅವನೊಬ್ಬನಿಗೆ ಬೇರೆ ಮಾಡಿದರೆ ಪಾಪ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆಂದು ಹಾಲಮ್ಮ, ಇಬ್ಬರು ಹೆಣ್ಣುಮಕ್ಕಳು ಎಲ್ಲರೂ ಅದನ್ನೇ ಉಣ್ಣುತ್ತಿದ್ದರು.

"ಬೇಳೆ ಬಿಡಬೇಕಾಗಿಲ್ಲ ಅತ್ತಿಗೆ. ನಮ್ಮ ವಾಕ್ಯದಲ್ಲೂ ಇಲ್ವಲ್ಲ ಅದು."

"ಡಾಕ್ಟ್ರು ಹೇಳಿದ್ದು ಕಣೆ. ನಿನ್ನ ಪೆಟ್ಟಿಗೆಗಿಂತ ಜಾಸ್ತಿನೇ ಹೇಳ್ತಾರೆ ಅವ್ರು, ಕಡಿಮೆ ಅಲ್ಲ."

ದಾಕ್ಷಾಯಿಣಿ ಆ ಕೆಂಪು ನೀರನ್ನೇ ಅನ್ನಕ್ಕೆ ಕಲಸಿಕೊಂಡಳು. ಆ ಒಂದು ಮಾತಿನ ಎಳೆ ಹಿಡಿದು ಅಂದೇ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಐದನೇ ವರ್ಷದ ಮಾಘದಲ್ಲಿ ಮರುಳಸಿದ್ದಪ್ಪ ಬಸ್ಸು ನಿಲ್ದಾಣಕ್ಕೆ ತಂದು ನಿಲ್ಲಿಸಿ, ಕೆಳಗಿಳಿದು ವಾಂತಿ ಮಾಡಿಕೊಂಡು ಕೂತುಬಿಟ್ಟ. ಹಾಸನದ ಆಸ್ಪತ್ರೆಯಲ್ಲಿ ರಕ್ತ ನೋಡಿದವರು ಎರಡು ಸಲ ನೋಡಿದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸಕ್ಕರೆ ಕಾಯಿಲೆಯೂ ಬಂದಿತ್ತು. ಯೂರಿಕ್ ಆಮ್ಲ ಹನ್ನೆರಡು.

"ಏನು ಮಾತ್ರೆ ತಗೋತಿದ್ರು ಇವ್ರು?" ಎಂದು ಅಲ್ಲಿನ ಡಾಕ್ಟರು ಕೇಳಿದಾಗ ದಾಕ್ಷಾಯಿಣಿ ಸೆಟೆದು ನಿಂತು ಹೇಳಿದಳು, "ಗೌಟಿಗೆ ಸರಿಯಾಗಿ, ಪುಸ್ತಕದ ಪ್ರಕಾರ ಮದ್ದಾಗಿದೆ ಸಾರ್. ದಾಖಲೆ ತರ್ತೀನಿ."

ದಾಖಲೆ ಅರಸೀಕೆರೆಯ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಸರ್ಕಾರದ ಮುದ್ರೆಯ ಕಾಗದವೆಂದು ಹಾಲಮ್ಮ ಒಂದನ್ನೂ ಎಸೆದಿರಲಿಲ್ಲ. ನಲವತ್ತಾರು ಚೀಟಿ, ತಿಂಗಳ ಕ್ರಮದಲ್ಲಿ. ಆಮ್ಲ ಇಳಿಸುವ ಅಲೋಪ್ಯುರಿನಾಲ್ ನೂರು ಮಿಲಿಗ್ರಾಂ, ನೂರೈವತ್ತು, ಇನ್ನೂರು, ಮುನ್ನೂರು. ಪ್ರತಿ ಚೀಟಿಯ ಕೆಳಗೂ ‘ರಕ್ತಪರೀಕ್ಷೆಗೆ ಬರೆಯಲಾಗಿದೆ’. ವಿದ್ಯಾರ್ಥಿಗಳಿಗೆ ಪಾಠ ಮಾಡಲು ಇಡಬಹುದಾದಂಥ ಚಿಕಿತ್ಸೆ.

"ಇದ್ರಲ್ಲಿರೋ ಮಾತ್ರೆ ಎಲ್ಲಿ ಅತ್ತಿಗೆ?"

"ಅದ್ರಲ್ಲಿರೋದು ದೀಪಕ್ಕೆ ಬರೆಯೋದು ಕಣೆ," ಎಂದಳು ಹಾಲಮ್ಮ, ಇವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ನಮಗೆ ಕೊಡೋದು ಪೊಟ್ಟಣ. ರಕ್ತ ಒಂದ್ಸಲನೂ ತೆಗೆಸಿಲ್ಲ."

ಅಡುಗೆಮನೆಯ ಗೂಡಿನಿಂದ ತಂದು ಕೊಟ್ಟಳು. ಹಳೇ ಕ್ಯಾಲೆಂಡರಿನ ಕಾಗದದಲ್ಲಿ ಮಡಿಸಿದ ಸಣ್ಣ ಪೊಟ್ಟಣಗಳು. ಒಂದೊಂದರಲ್ಲೂ ಒಂದು ಬಿಳಿ ಮಾತ್ರೆ, ಒಂದು ಅರ್ಧ ಹಳದಿ ಮಾತ್ರೆ. ಹೆಸರಿಲ್ಲ, ಊರಿಲ್ಲ. ಬೆಳಿಗ್ಗೆ ಒಂದು ಪೊಟ್ಟಣ, ಸಂಜೆ ಒಂದು, ನಾಲ್ಕು ವರ್ಷ. ಬಿಳಿಯದು ನೋವಿನ ಮಾತ್ರೆ, ಹಳದಿಯದು ಸ್ಟೀರಾಯ್ಡ್ ಎಂದು ಮಾರನೇ ದಿನ ಹಾಸನದಲ್ಲಿ ಪರೀಕ್ಷೆ ಮಾಡಿಸಿದಾಗ ತಿಳಿಯಿತು. ಮುಖ ತುಂಬಿಕೊಂಡದ್ದು ಆರೋಗ್ಯದಿಂದಲ್ಲ, ಆ ಹಳದಿ ಮಾತ್ರೆಯಿಂದ; ಸಕ್ಕರೆ ಕಾಯಿಲೆಯೂ ಅದರಿಂದಲೇ.

ಮಾರನೇ ವಾರ ಅವಳು ಯಾರಿಗೂ ಹೇಳದೆ ಪಂಚಾಕ್ಷರಿ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಬಾಗಿಲಲ್ಲಿ ಹಸಿರು ದೀಪ. ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು, ಪರದೆ ಮಾತ್ರ ಅಡ್ಡ. ಒಬ್ಬ ಗಾರೆ ಕೆಲಸದವನು ಕುಂಟುತ್ತ ಒಳಗೆ ಹೋದ. ಡಾಕ್ಟರು ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದರು.

"ನಿಮ್ಮ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿದೆ. ಅದು ಆರಕ್ಕಿಂತ ಕೆಳಗೆ ಬರುವವರೆಗೆ ಮಾತ್ರೆಯ ಪ್ರಮಾಣವನ್ನು ತಿಂಗಳು ತಿಂಗಳು ಹೆಚ್ಚಿಸಲಾಗುವುದು. ಮೊದಲ ಆರು ತಿಂಗಳಲ್ಲಿ ನೋವು ಮರುಕಳಿಸಬಹುದು. ನೋವು ಬಂದರೂ ಈ ಮಾತ್ರೆಯನ್ನು ನಿಲ್ಲಿಸಬಾರದು..."

ಸಂಕಲ್ಪ ಹೇಳಿಸುವ ಪುರೋಹಿತರ ಧಾಟಿ. ಬೆಂಚಿನ ಮೇಲಿದ್ದ ಮುದುಕಿಯ ತುಟಿಯೂ ಜೊತೆಗೇ ಅಲುಗುತ್ತಿತ್ತು. ದಾಕ್ಷಾಯಿಣಿ ಕೇಳಿದಳು, "ಏನಜ್ಜಿ ಅದು ಹೇಳ್ತಿರೋದು?"

"ದೀಪದ ಮಾತು ಕಣವ್ವ. ಅದು ಮುಗೀಲಿ, ಆಮೇಲೆ ಔಷ್ದಿ."

ಒಳಗಿನಿಂದ "ಇದೆಲ್ಲ ನಿಮಗೆ ಅರ್ಥವಾಯಿತೇ?" ಎಂದು ಕೇಳಿಸಿತು, ಹಿಂದೆಯೇ "ಅರ್ಥವಾಯಿತು" ಎಂದು. ಪೆಟ್ಟಿಗೆ ಟಿಣ್ ಎಂದಿತು. ಅಲ್ಲಿಗೆ ಅದರ ಕೇಳಿಸಿಕೊಳ್ಳುವ ಕೆಲಸ ಮುಗಿಯಿತು. ಆಮೇಲೆ ಡಾಕ್ಟರ ದನಿ ಬೇರೆಯಾಯಿತು, "ಹ್ಞೂಂ, ತೋರ್ಸಪ್ಪ ಕಾಲು. ನಾಳೆ ಕೆಲ್ಸಕ್ಕೆ ಹೋಗ್ಬೇಕಾ? ಹೋಗ್ತೀಯ ಬಿಡು. ಬೇಳೆ ಬಿಡು, ಟೊಮೇಟೊ ಬಿಡು." ಕ್ಯಾಲೆಂಡರು ಹರಿದ ಸದ್ದು ಕೇಳಿಸಿತು.

ತನ್ನ ಸರದಿ ಬಂದಾಗ ಅವಳು ಒಳಗೆ ಹೋಗಿ ತಾನು ಯಾರೆಂದು ಹೇಳಿದಳು. ಪಂಚಾಕ್ಷರಿ ಡಾಕ್ಟರು ಎಪ್ಪತ್ತು ದಾಟಿದವರು, ಗಾಬರಿಯಾಗಲಿಲ್ಲ. ಪೆಟ್ಟಿಗೆಯ ಮೇಲೊಂದು ಟವೆಲು ಹಾಕಿದರು.

"ಮರುಳಸಿದ್ದಪ್ಪನ ತಂಗಿಯೇನಮ್ಮ? ಹೆಂಗಿದಾನೆ?"

"ಎರಡೂ ಕಿಡ್ನಿ ಹೋಗಿದೆ ಸಾರ್. ನಿಮ್ಮ ಪೊಟ್ಟಣದಿಂದಲೇ ಹೋದದ್ದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲ ವರ್ಷ ನಿಮ್ಮ ಪುಸ್ತಕದ ಪ್ರಕಾರವೇ ಕೊಟ್ಟೆ ಕಣಮ್ಮ, ಹದಿನೇಳು ಜನಕ್ಕೆ. ತಿಂಗಳೊಳಗೆ ಹದಿಮೂರು ಜನಕ್ಕೆ ಕಾಲು ಊದಿತು. ಡಾಕ್ಟ್ರಿಗೆ ಕೈಗುಣ ಹೋಯ್ತು ಅಂತ ಊರೆಲ್ಲ ಆಯ್ತು. ಹತ್ತು ಜನ ಎಣ್ಣೆ ತಿಕ್ಕೋನ ಹತ್ರ ಹೋದ್ರು. ನಿಮ್ಮ ಪುಸ್ತಕಕ್ಕೆ ಆರು ತಿಂಗಳು ಬೇಕು. ನಿಮ್ಮಣ್ಣನಿಗೆ ಬೆಳಿಗ್ಗೆ ಐದೂಮುಕ್ಕಾಲರ ಬಸ್ಸು. ನಾನೇನು ಮಾಡ್ಲಿ?"

"ಹಾಗಾದ್ರೆ ವಾಕ್ಯ ಯಾಕೆ ಹೇಳ್ತೀರಿ? ಚೀಟಿ ಯಾಕೆ ಬರೀತೀರಿ?"

"ನೀವು ಕೇಳಿದ್ದು ಅದನ್ನೇ ಅಲ್ವೇನಮ್ಮ? ಕೊಟ್ಟೆ. ರೋಗಿ ಏನು ನುಂಗ್ತಾನೆ ಅಂತ ನಿಮ್ಮ ಪೆಟ್ಟಿಗೆ ಒಂದು ದಿನ ಕೇಳಿದ್ರೆ ಹೇಳ್ತಿದ್ದೆ."

ದಾಕ್ಷಾಯಿಣಿಗೆ ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಬಾರಿಸಿದರೆ ಯಾರ ಕೆನ್ನೆಗೆ ಬಾರಿಸಬೇಕೆಂಬುದೇ ಅವಳಿಗೆ ಅನುಮಾನವಾಯಿತು. ಎದ್ದು ಬಂದಳು. ಹೊರಗೆ ಬೆಂಚಿನ ಮೇಲೆ ಇನ್ನೂ ಒಂಬತ್ತು ಜನ ಕೂತಿದ್ದರು.

ತಾಳೆ ಕೇಂದ್ರದಲ್ಲಿ ನಿರ್ದೇಶಕ ಸುಧೀಂದ್ರ ಅವಳ ಹದಿನಾಲ್ಕು ಪುಟದ ವರದಿಯನ್ನು ಪೂರ್ತಿ ಓದಿದರು. ಒಳ್ಳೆಯ ಮನುಷ್ಯ, ಕುರ್ಚಿ ಹಾಕಿಸಿ ಕೂರಿಸಿ ಮಾತಾಡಿದರು.

"ನೋಡಿ ದಾಕ್ಷಾಯಿಣಿ ಅವರೇ, ನಿಮ್ಮ ದುಃಖ ನನಗೆ ಅರ್ಥವಾಗುತ್ತೆ. ಆದ್ರೆ ನಲವತ್ತಾರು ಭೇಟಿಯ ಧ್ವನಿ ನಾನೇ ತೆಗೆಸಿ ಕೇಳಿದೆ. ನಲವತ್ತಾರರಲ್ಲೂ ನೋವಿನ ಮಾತ್ರೆ ದಿನಾ ತಗೊಂಡ್ರೆ ಮೂತ್ರಪಿಂಡ ಹಾಳಾಗುತ್ತೆ ಅಂತ ಡಾಕ್ಟ್ರು ಸ್ಪಷ್ಟವಾಗಿ ಎಚ್ಚರಿಸಿದಾರೆ. ನಿಮ್ಮಣ್ಣ ನಲವತ್ತಾರು ಸಲವೂ ಅರ್ಥವಾಯಿತು ಅಂದಿದಾರೆ. ಕೋರ್ಟಿಗೆ ಹೋದ್ರೂ ಇದೇ ಸಾಕ್ಷಿ."

"ಪೊಟ್ಟಣ ಸಾರ್?"

"ಪೊಟ್ಟಣ ನಮ್ಮ ವ್ಯಾಪ್ತಿಗೆ ಬರಲ್ಲ. ಅದು ಔಷಧ ಇಲಾಖೆಯವರ ಕೆಲಸ, ಬರೆದು ಕಳಿಸೋಣ. ಈ ವರ್ಷ ಜಿಲ್ಲೆಯ ಗೌಟ್ ಅಂಕ ತೊಂಬತ್ತಾರು, ರಾಜ್ಯಕ್ಕೇ ಮೊದಲು. ಯಶಸ್ಸು ನೋಡಿ ಪೆಟ್ಟಿಗೆಯನ್ನ ಡಯಾಲಿಸಿಸ್ ಘಟಕಗಳಿಗೂ ಕೊಡ್ತಿದಾರೆ. ಈ ಹೊತ್ತಿನಲ್ಲಿ..." ಎಂದು ಅವರು ಅರ್ಧಕ್ಕೆ ನಿಲ್ಲಿಸಿ, ವರದಿಯನ್ನು ಖಾನೆಯೊಳಗಿಟ್ಟರು.

ತನ್ನ ಜಾಗಕ್ಕೆ ಬಂದ ದಾಕ್ಷಾಯಿಣಿ, ಯಾಕೋ ಏನೋ, ನಾಲ್ಕು ವರ್ಷದ ಹಿಂದಿನ ಲವೀನಾ ಡಾಕ್ಟರ ಧ್ವನಿಯನ್ನು ತೆಗೆದು ಹಾಕಿಕೊಂಡಳು. ಅಣ್ಣನ ಮೊದಲ ಭೇಟಿ.

"ಇದು ಹಾವಿನ ಹುತ್ತ ಇದ್ದ ಹಾಗೆ ಮಾರಾಯ್ರೆ. ಅಗೆಯಲಿಕ್ಕೆ ಶುರು ಮಾಡಿದ ಕೂಡ್ಲೆ ಒಳಗೆ ಇದ್ದದ್ದು ಹೊರಗೆ ಬರ್ತದೆ. ಮೂರನೇ ವಾರಕ್ಕೆ ಕಾಲು ಮತ್ತೆ ಊದ್ತದೆ, ನೀವು ನನಗೆ ಬೈತೀರಿ. ಬೈಯಿರಿ. ಮಾತ್ರೆ ಮಾತ್ರ ಬಿಡ್ಬೇಡಿ. ನಿಮ್ಮ ಡಿಪೋದವರಿಗೆ ನಾನು ಕಾಗದ ಕೊಡ್ತೇನೆ, ಎರಡು ತಿಂಗಳು ಸ್ಟೇರಿಂಗ್ ಬೇಡ, ಕೂತು ಮಾಡುವ ಕೆಲಸ ಕೊಡ್ಲಿ. ಬೇಳೆ ತಿನ್ನಿ, ಏನೂ ಆಗುದಿಲ್ಲ. ಈಗ ಹೇಳಿ ನೋಡುವ, ಕಾಲು ಊದಿದ್ರೆ ಏನು ಮಾಡ್ತೀರಿ?"

"ಮಾತ್ರೆ ಬಿಡಲ್ಲ ಮೇಡಂ," ಎಂದಿತು ಅಣ್ಣನ ದನಿ.

"ಹಾಂ, ಅಷ್ಟೆ."

ಹನ್ನೊಂದರಲ್ಲಿ ಒಂದು ವಾಕ್ಯವೂ ಇರಲಿಲ್ಲ. ಮಾತಿಗೆ ಸೊನ್ನೆ, ಚೀಟಿಗೆ ಮಾತ್ರ ಅಂಕ, ಒಟ್ಟು ಮೂವತ್ತೊಂದು. ಮೂರನೇ ವಾರಕ್ಕೆ ಕಾಲು ಊದಿದಾಗ ಅವನಿಂದ ಆ ಮಾತ್ರೆ ಬಿಡಿಸಿದವಳು ದಾಕ್ಷಾಯಿಣಿ. ಅವಳು ಕಿವಿಯಿಂದ ತಂತಿ ಕಿತ್ತಿಟ್ಟಳು. ಯಾರೋ ಬಂದು ಕಾಫಿ ಕೊಡಲಾ ಎಂದು ಕೇಳಿ ಹೋದರು.

ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಮರುಳಸಿದ್ದಪ್ಪನ ರಕ್ತ ಮೈಯಿಂದ ಹೊರಗೆ ಬಂದು ಯಂತ್ರದಲ್ಲಿ ಸೋಸಿ ಮತ್ತೆ ಮೈಗೆ ಹೋಗಬೇಕಿತ್ತು. ಹಾಸನದ ಡಯಾಲಿಸಿಸ್ ಘಟಕದಲ್ಲಿ ಅವನ ಹಾಸಿಗೆ ಕಿಟಕಿಯ ಪಕ್ಕ. ಕಿಟಕಿಯಿಂದ ಬಸ್ಸಿನ ರಸ್ತೆ ಕಾಣುತ್ತಿತ್ತು. ಐದೂಮುಕ್ಕಾಲರ ಬಸ್ಸು ಈಗ ಬೇರೆಯವನದು, ಏಳೂಕಾಲಕ್ಕೆ ಆ ರಸ್ತೆಯಲ್ಲಿ ಹೋಗುವಾಗ ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ. "ಇವತ್ತೂ ಎಂಟು ನಿಮಿಷ ಲೇಟು," ಎನ್ನುತ್ತಿದ್ದ.

ಆ ಘಟಕದ ಡಾಕ್ಟರು ಲವೀನಾ. ಮೂರು ವರ್ಷ ಕೆಂಪು ದೀಪವಿದ್ದವರಿಗೆ ಸ್ವಂತ ಕ್ಲಿನಿಕ್ಕು ನಡೆಸಲು ಬಿಡುವುದಿಲ್ಲ, ರೋಗಿಗಳು ಡಾಕ್ಟರನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲದ ಕಡೆ ಹಾಕುತ್ತಾರೆ. ಆ ನಿಯಮವೂ ದಾಕ್ಷಾಯಿಣಿಯ ಕೈಬರಹದ್ದೇ. ಅವಳು ಮೊದಲ ದಿನವೇ ಹೋಗಿ ಎಲ್ಲ ಒಪ್ಪಿಕೊಂಡಿದ್ದಳು. ಲವೀನಾ ಸೂಜಿ ಸರಿಮಾಡುತ್ತ ಕೇಳಿಸಿಕೊಂಡು, "ಆಯ್ತು. ಈಗ ಅವರಿಗೆ ನೀರು ಲೆಕ್ಕ ಇಟ್ಟು ಕೊಡಿ, ದಿನಕ್ಕೆ ಒಂದು ಲೀಟರಿನ ಮೇಲೆ ಬೇಡ," ಎಂದಿದ್ದಳು, ಅಷ್ಟೆ. ಬೈದಿದ್ದರೆ ದಾಕ್ಷಾಯಿಣಿಗೆ ಸಮಾಧಾನವಾಗುತ್ತಿತ್ತು.

ಯುಗಾದಿ ಕಳೆದ ಸೋಮವಾರ ಘಟಕಕ್ಕೂ ಪೆಟ್ಟಿಗೆ ಬಂತು. ಬಾಗಿಲಿಗೆ ದೀಪ ಕಟ್ಟಿದರು. ಮರುಳಸಿದ್ದಪ್ಪನ ಕಡತದಲ್ಲಿ ಗೌಟ್ ಎಂದು ಬರೆದಿದ್ದರಿಂದ ಪೆಟ್ಟಿಗೆ ಗೌಟಿನ ವಾಕ್ಯಕ್ಕೆ ಕಾಯುತ್ತ ಮಿನುಗುತ್ತಿತ್ತು. ಲವೀನಾ ಅದರ ಕಡೆ ನೋಡಲೂ ಇಲ್ಲ, ರಕ್ತದೊತ್ತಡ ಬರೆದುಕೊಳ್ಳುತ್ತಿದ್ದಳು. ಅರ್ಧ ಗಂಟೆಯಲ್ಲಿ ದೀಪ ಕೆಂಪಾಯಿತು.

ಮರುಳಸಿದ್ದಪ್ಪ ಅದನ್ನು ನೋಡಿದ. ಅವನಿಗೆ ಕಸಿವಿಸಿಯಾಯಿತು.

"ಮೇಡಂ, ದೀಪದ ಮಾತು ಹೇಳಿಬಿಡಿ. ಇಲ್ದಿದ್ರೆ ನಿಮ್ಮನ್ನ ಇಲ್ಲಿಂದಲೂ ಎತ್ತಾಕ್ತಾರೆ."

"ನನಗೆ ಅದು ಬಾಯಿಪಾಠ ಇಲ್ಲ ಮಾರಾಯ್ರೆ."

"ನಂಗಿದೆ," ಎಂದ ಅವನು. "ನಾನು ಹೇಳ್ಲಾ?"

ಯಾರೂ ಬೇಡವೆನ್ನುವ ಮೊದಲೇ ಶುರು ಮಾಡಿದ. ಕೈಗೆ ಕೊಳವೆ ಚುಚ್ಚಿಕೊಂಡು, ಕಣ್ಣು ಮುಚ್ಚಿ, ಪಂಚಾಕ್ಷರಿ ಡಾಕ್ಟರ ಧಾಟಿಯಲ್ಲೇ, ಒಂದು ಅಕ್ಷರ ತಪ್ಪದೆ. ಆಮ್ಲ ಆರಕ್ಕಿಂತ ಕೆಳಗೆ ಬರಬೇಕು. ನೋವು ಮರುಕಳಿಸಬಹುದು. ನೋವು ಬಂದರೂ ಈ ಮಾತ್ರೆಯನ್ನು ನಿಲ್ಲಿಸಬಾರದು. ನೋವಿನ ಮಾತ್ರೆಯನ್ನು ದಿನವೂ ತೆಗೆದುಕೊಂಡರೆ ಮೂತ್ರಪಿಂಡಗಳು ಹಾಳಾಗುತ್ತವೆ. ಹೆಸರಿಲ್ಲದ ಮಾತ್ರೆಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬಾರದು. ದಾಕ್ಷಾಯಿಣಿ ಮಂಚದ ಕಾಲಕಡೆ ನಿಂತು ತಾನು ಬರೆದದ್ದನ್ನೆಲ್ಲ ತನ್ನ ಅಣ್ಣನ ಬಾಯಲ್ಲಿ ಕೇಳಿದಳು. ಒಂದೊಂದೂ ನಿಜವಾದ ಮಾತೇ ಆಗಿತ್ತು.

"ಇದೆಲ್ಲ ನಿಮಗೆ ಅರ್ಥವಾಯಿತೇ?" ಎಂದು ಮುಗಿಸಿ ಅವನು ಕಣ್ಣು ತೆರೆದ. ಪೆಟ್ಟಿಗೆ ಉತ್ತರಕ್ಕೆ ಕಾಯುತ್ತಿತ್ತು. ಡಾಕ್ಟರ ಪಾಲನ್ನು ತಾನೇ ಹೇಳಿದ್ದರಿಂದ ರೋಗಿಯ ಪಾಲನ್ನು ಹೇಳುವವರು ಇರಲಿಲ್ಲ. ಅವನು ಸುತ್ತ ನೋಡಿ ತಂಗಿಗೆ ಕಣ್ಸನ್ನೆ ಮಾಡಿದ.

"ನೀನು ಹೇಳಮ್ಮ ದಾಕ್ಷಿ. ಪಾಪ, ಡಾಕ್ಟ್ರು ಒಳ್ಳೆಯವ್ರು. ನೀನು ಹೇಳಿದ್ರೂ ಆಗುತ್ತೆ, ಅದಕ್ಕೇನು ಗೊತ್ತಾಗುತ್ತೆ?"

ಲವೀನಾ ಬರೆಯುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದಳು. ದಾಕ್ಷಾಯಿಣಿ ಪೆಟ್ಟಿಗೆಯ ಕಡೆ ಬಗ್ಗಿದಳು.

"ಅರ್ಥವಾಯಿತು," ಎಂದಳು.

ಪೆಟ್ಟಿಗೆ ಟಿಣ್ ಎಂದಿತು. ಬಾಗಿಲಲ್ಲಿ ದೀಪ ಹಸಿರಾಯಿತು.